ಕಲ್ಲಿನ ಹರಿವು ಹುಡುಕಿದ ಅಕ್ಸಾ

ಅಕ್ಸಾ ನಡೆಯುವುದನ್ನು ಮೊದಲ ಸಲ ಕಂಡವರು ಆಕೆಯ ಕಾಲಿಗೆ ಮುಳ್ಳು ಹೊಕ್ಕಿದೆ ಎಂದೇ ತಿಳಿಯುತ್ತಾರೆ. ಕೊತ್ತತ್ತಿಯ ನನ್ನ ಬಾಳೆತೋಟದ ಮೂಲೆಯಲ್ಲಿ ಆಕೆ ತೋಡಿಸಿದ ಸಿಮೆಂಟಿನ ಗುಂಡಿ ಇನ್ನೂ ಇಪ್ಪತ್ತು ಹೆಜ್ಜೆ ದೂರವಿರುವಾಗಲೇ ಚಪ್ಪಲಿ ಕಳಚಿ, ತೊಟ್ಟಿಲ ಬಳಿ ಸುಳಿಯುವ ತಾಯಿಯಂತೆ ತುದಿಗಾಲಲ್ಲಿ ಬರುವಳು. ಗುಂಡಿಯೊಳಗಿರುವುದು ಭೂಮಿಯ ನಡುಕವನ್ನು ಬರೆದಿಡುವ, ಹಾಲಿನ ಕ್ಯಾನಿನಷ್ಟು ದಪ್ಪದ ಒಂದು ಯಂತ್ರ. ಮೈಮೇಲೆ ಅಪ್ಪನ ಖಾಕಿ ಕೋಟು. ಮಳವಳ್ಳಿಯಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಜಲಾಲ್ ಸಾಹೇಬರ ಆ ಕೋಟಿನ ತೋಳಿನಿಂದ ಗ್ರೀಸು ಎಷ್ಟು ಒಗೆದರೂ ಹೋಗಿಲ್ಲ, ಕೋಟನ್ನು ಬಿಡಲು ಮಗಳೂ ಒಪ್ಪಿಲ್ಲ. ಅದರ ಜೇಬಿನಲ್ಲಿ ಸದಾ ಒಂದು ದಿಕ್ಸೂಚಿ.

ಡಾಕ್ಟರೇಟಿಗಾಗಿ ಆಕೆ ಮಾಡುತ್ತಿದ್ದ ಸಂಶೋಧನೆ ನನ್ನ ತಲೆಗೆ ಹತ್ತಲು ಒಂದು ವರ್ಷ ಹಿಡಿಯಿತು. ನಾನು ಓದಿದ್ದು ಆರನೇ ಕ್ಲಾಸು; ಅರ್ಥವಾಗದ್ದಕ್ಕೆಲ್ಲ ಮೊದಲು ಕೋಪ ಬರುವುದು ಹುಟ್ಟುಗುಣ.

"ಜಪಾನ್‌ನಲ್ಲಿ ನೆಲ ನಡುಗಿದ್ರೆ ನನ್ ತೋಟದಲ್ಲೇನವ್ವ ಕ್ಯಾಮೆ ನಿಂಗೆ?" ಎಂದು ರೇಗಿದ್ದೆ.

ಆಕೆ ಬದುವಿನ ಪಕ್ಕದ ಕಬ್ಬೊಂದನ್ನು ಮುರಿದು, ಸೀಳಿ, ನನ್ನ ಕೈಗಿಟ್ಟಳು. "ಎಳೆ ನೋಡು ಚೌಡಣ್ಣ. ಎಳೆಗುಂಟ ಸೀಳಿದ್ರೆ ಸಲೀಸು, ಅಡ್ಡಡ್ಡ ಕಿತ್ರೆ ಕಷ್ಟ. ಆಳದ ಕಲ್ಗೂ ಇಂಗೇ ಎಳೆ ಐತೆ."

ಸಮುದ್ರದ ತಳ ಜಪಾನಿನ ಕೆಳಗೆ ಜಾರಿ ಇಳಿಯುವಾಗ ಸುತ್ತಲಿನ ಬಿಸಿ ಕಲ್ಲು, ಕರಗದೆಯೇ, ಉಗುರು ಬೆಳೆಯುವಷ್ಟು ನಿಧಾನವಾಗಿ ಹರಿಯುತ್ತದಂತೆ. ಹರಿದತ್ತ ಅದರ ಹರಳುಗಳು ಸಾಲುಗೂಡುತ್ತವಂತೆ. ಭೂಕಂಪದ ಅಲೆ ಆ ಸಾಲಿನೊಳಗೆ ಹೊಕ್ಕರೆ ಎರಡಾಗಿ ಸೀಳಿಹೋಗಿ, ಒಂದು ಮುಂದಾಗಿ, ಇನ್ನೊಂದು ಒಂದೆರಡು ಸೆಕೆಂಡು ಹಿಂದಾಗಿ ನನ್ನ ತೋಟ ಮುಟ್ಟುತ್ತವೆ. ಮೊದಲು ಬಂದದ್ದು ಯಾವ ದಿಕ್ಕಿಗೆ ತೂಗಾಡಿತೆಂದು ನೋಡಿದರೆ, ಯಾರೂ ಕಾಣದ ಪಾತಾಳದ ಹರಿವು ಯಾವ ಕಡೆಗೆಂದು ತಿಳಿಯುತ್ತದೆ. ಅದಕ್ಕೇ ಯಂತ್ರದ ಮೇಲಿನ ಬಾಣದ ಗುರುತು ನೆಟ್ಟಗೆ ಉತ್ತರಕ್ಕಿರಬೇಕು. ಇದನ್ನೂ ಆಕೆ ಹೇಳಿದ್ದಳು. ನಾನು ಕಬ್ಬು ತಿನ್ನುತ್ತಿದ್ದೆ.

ನಮ್ಮ ಮನೆಯಲ್ಲಿ ಆಯುಧಪೂಜೆಯೆಂದರೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಒಂದೂ ಬಿಡುವಂತಿಲ್ಲ. "ಆ ಹುಡ್ಗಿ ಮಿಸನ್ನಿಗೆ ಪೂಜೆನೇ ಆಗ್ಲಿಲ್ವಲ್ಲ" ಎಂದು ಹೆಂಡತಿ ಮಾಯಮ್ಮ ತಟ್ಟೆ ಹಿಡಿದು ಹೊರಟಳು. ಗುಂಡಿಯ ಮುಚ್ಚಳ ಎತ್ತಿದರೆ, ವೈರು ಹೊರಡುವ ಮಗ್ಗುಲು ದಕ್ಷಿಣಕ್ಕಿದೆ. ನಮ್ಮ ಕಣ್ಣಿಗೆ ಅದೇ ಮುಖ.

"ಅಯ್ಯೋ, ಯಮನ್ ಕಡೀಕೆ ಮೊಕ ಮಾಡ್ಕೊಂಡು ಕುಂತದೆ!" ಎಂದಳು.

ನಾನು ಅದನ್ನು ತಬ್ಬಿ ಹಿಡಿದು ಮೂಡಲಿಗೆ ತಿರುಗಿಸಿದೆ. ಮಾಯಮ್ಮ ವಿಭೂತಿ ಬಳಿದು ಕುಂಕುಮವಿಟ್ಟಳು.

ನಾಲ್ಕು ತಿಂಗಳ ಮೇಲೆ ಬಂದ ಅಕ್ಸಾ ಚಪ್ಪಲಿ ಕಳಚುವುದನ್ನೂ ಮರೆತಿದ್ದಳು. ಈ ಗುಂಡಿಯ ದಾಖಲೆಗೆ ತಲೆಬುಡವಿಲ್ಲ, ಎಲ್ಲವನ್ನೂ ಕೈಬಿಡು ಎಂದು ಆಕೆಯ ಮೇಷ್ಟ್ರು ಹೇಳಿದ್ದರು. ಕೈಬಿಟ್ಟರೆ ಮೂರು ವರ್ಷದ ಪ್ರಬಂಧವೇ ಬಿದ್ದುಹೋಗುತ್ತದೆ, ಒಪ್ಪಿಸಲು ಉಳಿದಿದ್ದು ಹದಿನೈದೇ ದಿನ. ಮುಚ್ಚಳ ಎತ್ತಿದಳು. ವೈರಿನ ಎದುರು ಮಗ್ಗುಲಲ್ಲಿದ್ದ ಬಾಣ, ಉತ್ತರ ಬಿಟ್ಟು ಪಡುವಲು ನೋಡುತ್ತಿತ್ತು.

"ನಾವ್ಯಾಕೆ ಮುಟ್ಟಾನ? ಇಲಿಗಿಲಿ ತಿರುಗ್ಸಿರ್ಬೇಕು!" ಎಂದು ಆಕೆ ಬಾಯಿ ತೆರೆಯುವ ಮೊದಲೇ ಅಬ್ಬರಿಸಿದೆ.

"ಇಲಿ ಕುಂಕ್ಮ ಇಟ್ಟದಾ? ಸುಮ್ಕೆ ಒಪ್ಕೊಳಿ" ಎಂದಳು ಮಾಯಮ್ಮ.

ಅಕ್ಸಾ ಮಂಡಿಯೂರಿ ದಿಕ್ಸೂಚಿ ಹಿಡಿದಳು. "ಎಂಬತ್ತಾರು ಡಿಗ್ರಿ. ಮೂಡ್ಲಿಗೂ ನೆಟ್ಟಗೆ ತಿರುಗ್ಸಿಲ್ಲ ನೀನು, ನಾಕು ಡಿಗ್ರಿ ಕಮ್ಮಿ." ಕಣ್ಣಳತೆಗೆ ಹೆಸರಾದ ನನಗೆ ಆ ಮಾತೇ ಹೆಚ್ಚು ಉರಿಯಿತು. ಆಕೆ ತಲೆಯೆತ್ತಿದಳು. "ಯಾವತ್ತಣ್ಣ? ಒಂದೇ ಸಲವಾ? ನಿಜ ಏಳು. ಅಷ್ಟು ಗೊತ್ತಾದ್ರೆ ಲೆಕ್ಕದಲ್ಲೇ ವಾಪಸ್ ತಿರುಗಿಸ್ಕೋತೀನಿ. ಸುಳ್ಳೇಳಿದ್ರೆ ಎಲ್ಲಾ ಓಯ್ತು."

ಗಂಟಲಿಗೆ ಬಂದಿದ್ದ ಇಲಿಯನ್ನು ನುಂಗಿಕೊಂಡೆ. "ಒಂದೇ ಸಲ ಕಣವ್ವ. ಆಯುಧಪೂಜೆ ಬುಧವಾರ, ರಾವುಕಾಲ ಕಳೀಲಿ ಅಂತ ಕಾದು, ಒಂದೂವರೆ ಮೇಲೆ."

ಆಕೆ ಕಂಪ್ಯೂಟರು ತೆರೆದು ಆ ದಿನದ ಗೆರೆ ಹುಡುಕಿದಳು. ಒಂದು ಮೂವತ್ತನಾಲ್ಕಕ್ಕೆ ಗೆರೆ ಬೆಚ್ಚಿಬಿದ್ದಂತೆ ಮೇಲೆದ್ದಿತ್ತು.

"ನಾಕೇ ನಿಮಿಸ ವ್ಯತ್ಯಾಸ! ನಿನ್ ರಾವುಕಾಲಕ್ಕೆ ಸಲಾಂ ಕಣಣ್ಣ" ಎಂದು ಮಣ್ಣಿನಲ್ಲೇ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ಎಂಬತ್ತಾರನ್ನು ಲೆಕ್ಕದಲ್ಲಿ ಸರಿಪಡಿಸಿದ ಮೇಲೆ ಜಪಾನಿನ ಹರಿವು ಮತ್ತೆ ಹಳಿಗೆ ಬಂತು, ಮೇಷ್ಟ್ರು ಒಪ್ಪಿದರು.

ಇಂಥವರದೇ ಒಂದು ಜಾತಿ ಇದೆಯೆಂದು ನನಗೆ ತಡವಾಗಿ ತಿಳಿಯಿತು. ತಪ್ಪಿನ ಎದುರು ಮಂಡಿಯೂರಿ, ಅದು ಎಂದಿನಿಂದ, ಎಷ್ಟು ಓರೆ ಎಂದು ಅಳೆದು, ಅಷ್ಟನ್ನೇ ಕಳೆದು, ಉಳಿದದ್ದನ್ನು ನಂಬುವವರು ಅವರು. ತಪ್ಪು ಮಾಡಿದವನ ಹೆಸರು ಅವರ ಲೆಕ್ಕಕ್ಕೆ ಬೇಕಾಗುವುದಿಲ್ಲ, ಅವನ ನಿಜವೊಂದು ಸಾಕು. ಮುಂಗೋಪಿಗಳಾದ ನಮಗೆ ಕೊಡಲು ಕಷ್ಟವಾಗುವುದೂ ಅದೊಂದೇ.