ಅರೆಬೆಂದ ಪುಡಿ

"ಅವನ ಹೆಂಡ್ತೀನ ಈಗಲೇ ಕೇಳಮ್ಮ, ಇನ್ನರ್ಧ ಗಂಟೇಲಿ ಹೆಣ ಎತ್ತುತ್ತಾರೆ," ಎಂದು ಪ್ರೊಫೆಸರ್ ಮತ್ತೆ ಗೊಣಗಿದರು.

ಸಂಶೋಧನೆಯ ಹುಡುಗಿ ಹೊಸ್ತಿಲಲ್ಲೇ ನಿಂತಳು. ಸಾವಿನ ಮನೆಯಲ್ಲಿ ಪುಡಿಯ ಮಾತು ತೆಗೆಯುವುದು ಹೇಗೆ? ಆದರೆ ಈಗ ಹೆಣವಾಗಿ ಮಲಗಿದ್ದ ಲ್ಯಾಬಿನ ಅಟೆಂಡರ್, ಎಲ್ಲರ ಪಾಲಿನ ಮಾವ, ಕಾಯಿಲೆ ಬಿದ್ದಂದಿನಿಂದ ಅವಳ ಪುಡಿ ಕೆಲಸ ನಿಲ್ಲಿಸಿತ್ತು; ಅವನು ಅದಕ್ಕೇನು ಮಾಡುತ್ತಿದ್ದನೋ, ಗೊತ್ತಿದ್ದರೆ ಮನೆಯವರಿಗೇ ಗೊತ್ತು. ಇನ್ನೊಮ್ಮೆ ಮಾಡಿ ತೋರಿಸದಿದ್ದರೆ ಮೂರು ವರ್ಷದ ಪ್ರಬಂಧ ನೀರುಪಾಲು.

*

ಮಾವ ಕೆಲಸಕ್ಕೆ ಬರುತ್ತಿದ್ದ ದಿನಗಳಲ್ಲಿ, ಯೂರಿಯಾವನ್ನು ಮುಚ್ಚಿದ ಬಟ್ಟಲಲ್ಲಿ ಲ್ಯಾಬಿನ ಕುಲುಮೆಗಿಟ್ಟರೆ ಹಳದಿ ಪುಡಿಯಾಗುತ್ತಿತ್ತು. ಅದನ್ನು ಬಣ್ಣದ ಕಾರ್ಖಾನೆಯ ಕೆಂಪು ನೀರಿಗೆ ಬೆರೆಸಿ ಮಾಮೂಲಿ ದೀಪದ ಕೆಳಗಿಟ್ಟರೆ ಗಂಟೆಯೊಳಗೆ ನೀರು ತಿಳಿ.

"ಬಣ್ಣ ಎಲ್ಲಿ ಬಚ್ಚಿಟ್ಟೆ ತಾಯಿ?" ಮಾವ ಬಗ್ಗಿ ನೋಡುತ್ತಿದ್ದ.

"ಬೆಳಕು ತಾಗಿದ್ರೆ ಪುಡಿ ಬಣ್ಣಾನ ಚೂರು ಚೂರು ಮಾಡುತ್ತೆ ಮಾವ."

"ನಂಗೂ ಇದೇ ಬೆಳಕು ಮೂವತ್ತು ವರ್ಷದಿಂದ ತಾಗ್ತಿದೆ. ಒಂದು ಲೋಟ ಬಿಟ್ರೆ ಏನೂ ಒಡೆದಿಲ್ಲ."

*

"ನೀನೇನಾ ಪುಡಿ ಹುಡುಗಿ?" ಒಳಗೆ ಬಂದವಳನ್ನು ಮಾವನ ಹೆಂಡತಿಯೇ ಕೈಹಿಡಿದು ಕೂರಿಸಿಕೊಂಡರು. "ಮನೇಲಿ ದಿನಾ ನಿನ್ನ ಸುದ್ದೀನೇ."

"ಏನಂತ ಅತ್ತೆ?"

"ಪಾಪ, ಬೇಯಿಸೋಕೆ ಬರಲ್ಲ ಅಂತ."

ಪಕ್ಕದ ಹೆಂಗಸರು ನಗು ನುಂಗಿದರು.

"ಅರೆಬೆಂದಿದ್ದು ತೆಗೆದಿಟ್ಟು ಬಸ್ಸಿಗೆ ಓಡ್ತಾಳೆ, ವಾಸನೆ ಇನ್ನೂ ಮೂಗಿಗೆ ಹೊಡೀತಿರುತ್ತೆ ಅನ್ನೋರು. ತಟ್ಟೇಲಿ ತೆಳ್ಳಗೆ ಹರಡಿ, ಮುಚ್ಚದೆ, ಇನ್ನೊಂದ್ಸಲ ಕುಲುಮೆಗಿಟ್ಟು ಬರೋರು. ಅದಕ್ಕೇ ದಿನಾ ತಡ."

"ನಂಗೆ ಹೇಳಲೇ ಇಲ್ಲವಲ್ಲ."

"ನಿಮ್ಮ ಸಾಹೇಬ್ರಿಗೆ ಗೊತ್ತಾದ್ರೆ ನಿಂಗೆ ಬೈತಾರೆ ಅಂತ ಸುಮ್ಮನಿದ್ರು."

ಹುಡುಗಿಗೆ ಥಟ್ಟನೆ ಹೊಳೆಯಿತು. ಮುಚ್ಚದ ತಟ್ಟೆಯ ಬಿಸಿಗೆ ಪುಡಿಯ ಪದರಗಳು ಬಿಡಿಸಿಕೊಂಡು ಕಣ್ಣಿಗೆ ನಿಲುಕದಷ್ಟು ತೆಳು ಹಾಳೆಗಳಾಗಿದ್ದವು. ಬಣ್ಣ ಒಡೆದದ್ದು ಆ ಹಾಳೆಗಳು.

ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ ಪ್ರೊಫೆಸರ್ ಅವಳನ್ನು ಆಚೆ ಕರೆದರು. "ಸಿಕ್ತಲ್ಲ. ಎರಡನೇ ಸಲ ಸುಡೋದು ನಿನ್ನ ಯೋಚನೆ ಅಂತ ಬರಿ."

"ಮಾವನ ಹೆಸರು ಸರ್?"

"ಲೋಟ ತೊಳೆಯೋರ ಹೆಸರು ಹಾಕ್ತಾ ಹೋದ್ರೆ ನಾವ್ಯಾಕಿರೋದು? ಕೊನೇಲಿ ಒಂದು ಸಾಲು ಕೃತಜ್ಞತೆ ಸಾಕು. ನಿನ್ನ ಪ್ರಬಂಧಕ್ಕೆ ಸಹಿ ಹಾಕೋನು ನಾನು, ಮರೀಬೇಡ." ಅವರು ಕಾರಿನತ್ತ ನಡೆದರು.

ಹುಡುಗಿ ಒಳಗೆ ಬಂದು ಹೆಣದ ಪಕ್ಕ ಕುಳಿತಳು. ಫೋನಿನಲ್ಲಿ ಪುಡಿಯ ಬಗ್ಗೆ ಬರೆಯುತ್ತಿದ್ದ ಲೇಖನ ತೆರೆದು, ಲೇಖಕರ ಸಾಲಿನಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಜಾಗ ಮಾಡಿದಳು.

"ಅತ್ತೆ, ಮಾವನ ಇನಿಷಿಯಲ್ ಏನು?"

"ಇನ್ನೊಂದು ಫಾರಮ್ಮಾ? ಬೆಳಿಗ್ಗೆಯಿಂದ ನಾಲ್ಕಾಯ್ತು."

"ಫಾರಂ ಅಲ್ಲ. ಪುಡಿ ಮಾಡಿದ್ದು ಯಾರು ಅಂತ ಬರೀತಿದ್ದೀನಿ."

ಹೊರಗೆ ಕಾರಿನ ಹಾರನ್ ಕೂಗಿತು. ಮಾವನ ಹೆಂಡತಿ ಕಣ್ಣೊರೆಸಿ, ಫೋನನ್ನು ಮುಖದ ಹತ್ತಿರ ತಂದುಕೊಂಡು, ಅಲ್ಲಿ ಬರೆದಿದ್ದ ಗಂಡನ ಹೆಸರನ್ನು ಅಕ್ಷರಕ್ಕೊಂದು ಬೆರಳಿಟ್ಟು ಓದಿದರು.

"ಇಲ್ಲಿ ದೀರ್ಘ ಬರುತ್ತೆ," ಎಂದರು.