ಮಬ್ಬಿನಲ್ಲಿ ನಿಂತವರು

ದಮಯಂತಿ ಕ್ಯಾಮೆರಾದ ಬೆಲ್ಟು ಹಿಡಿದು ಜಗ್ಗಿದಳು. ಸಂದೀಪ ಮುಗ್ಗರಿಸಿದ. ಆದರೂ ಎರಡೂ ಕೈಯಿಂದ ಕ್ಯಾಮೆರಾವನ್ನು ಎದೆಗವಚಿಕೊಂಡೇ ನಿಂತ.

"ನನ್ನ ಅಂಗಳದಲ್ಲಿ ಇದನ್ನ ಹೊರಗೆ ತೆಗಿಬೇಡ ಅಂದೆ."

"ಮಂದಕ್ಕನೇ ಹೇಳಿದ್ದು, ದಮಯಂತಕ್ಕ. ನಾ ಸತ್ತರೆ ಈ ಹಳೇ ಲೆನ್ಸಲ್ಲೇ ತೆಗಿ ಅಂದಿದ್ರು."

"ಬದುಕಿದ್ದಾಗ ಅವಳು ಹೇಳಿದ್ದೇ ಆಯ್ತು. ಈಗಾದ್ರೂ ನಾ ಹೇಳಿದ್ದು ಆಗ್ಲಿ. ಚೀಲಕ್ಕೆ ಹಾಕು, ಇಲ್ಲಾ ಹೊರಡು."

ಸಂದೀಪ ಚೀಲಕ್ಕೆ ಹಾಕಿದ, ಹೊರಡಲಿಲ್ಲ.

ಅಂಗಳದ ನಡುವೆ ಚಾಪೆಯ ಮೇಲೆ ಮಂದಾಕಿನಿಯನ್ನು ಮಲಗಿಸಿದ್ದರು. ಹಿಂದಿನ ಸಂಜೆ ಕಾರವಾರದ ತನ್ನ ಸ್ಟುಡಿಯೊದಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಅವಳ ಉಸಿರು ನಿಂತಿತ್ತು. ಮಕ್ಕಳಿರಲಿಲ್ಲ. ಗಂಡ ಎಂದೋ ತೀರಿಹೋಗಿದ್ದ. ಚೆಂಡಿಯಾದ ತವರುಮನೆ ನೌಕಾನೆಲೆಯ ಬೇಲಿಯೊಳಗೆ ಸೇರಿಹೋಗಿತ್ತು. ಹಾಗಾಗಿ ತೋಡೂರಿನ ತಂಗಿ ದಮಯಂತಿಯ ಮನೆಗಲ್ಲದೆ ಬೇರೆಲ್ಲಿಗೂ ತರುವಂತಿರಲಿಲ್ಲ. ಆ ತಂಗಿಯಾದರೋ ಬೇಸಿಗೆಯಿಂದ ಅಕ್ಕನೊಡನೆ ಮಾತು ಬಿಟ್ಟವಳು. ಹೆಣದ ಮುಂದೆಯೂ ಅತ್ತಿರಲಿಲ್ಲ.

"ಸತ್ತವರ ಬಗ್ಗೆ ಆಡೂದಲ್ಲ," ಎನ್ನುತ್ತಲೇ ನೆರೆಮನೆಯ ಗಂಗೂ ಆಡತೊಡಗಿದಳು. "ಆದ್ರೂ ನಿನ್ನ ಮಗಳ ಮದುವೆ ಸಿ.ಡಿ.ಯಲ್ಲಿ ನಾ ಎಲ್ಲಿದ್ದೆ ಹೇಳು? ಹೊಸ ಸೀರೆ ಉಟ್ಟು ಎದುರಿಗೇ ನಿಂತಿದ್ದೆ. ನೋಡಿದ್ರೆ ಹೊಗೆ. ಬರೀ ಹೊಗೆ."

"ನೀ ಹೊಗೆಯಾದ್ರೂ ಆದೆ. ನಾ ಹಸಿರು ಸೀರೆ ಉಟ್ಟು ಬರೀ ಪಾಚಿ," ಎಂದಳು ದಮಯಂತಿ.

ಯಾರೋ ನಕ್ಕು, ಹೆಣ ನೋಡಿ ಸುಮ್ಮನಾದರು.

*

ಮಂದಾಕಿನಿಯ ಗಂಡ ಮುಂಬಯಿಯಲ್ಲಿ ಸಿನಿಮಾ ಕ್ಯಾಮೆರಾದವರ ಕೈಕೆಳಗೆ ದುಡಿದವ. ಅವನು ಸತ್ತಾಗ ಅವಳ ಪಾಲಿಗೆ ಬಂದದ್ದು ಒಂದು ಹಳೆಯ ಲೆನ್ಸು. ಕುಟ್ಟಾಣಿಯಷ್ಟು ಭಾರ, ಯಾವ ಕ್ಯಾಮೆರಾಕ್ಕೂ ಹೊಂದದ್ದು. ಅದನ್ನು ಟ್ರಂಕಿನಲ್ಲಿಟ್ಟು, ಕಾರವಾರ ಅಂಕೋಲೆಯ ಮದುವೆಗಳ ವಿಡಿಯೊ ತೆಗೆಯುತ್ತ ಅವಳು ಒಬ್ಬಳೇ ಬದುಕಿದಳು. ವಿಡಿಯೊ ಕೂಡ ತೆಗೆಯುವ ಹೊಸ ಡಿಜಿಟಲ್ ಕ್ಯಾಮೆರಾ ಬಂದಾಗ, ಜೊತೆಗೆ ಕೆಲಸ ಮಾಡುತ್ತಿದ್ದ ಸಂದೀಪ ಲೇತಿನವರ ಹತ್ತಿರ ಒಂದು ಲೋಹದ ಬಳೆ ಕಡೆಸಿ ತಂದು ಹಳೆಯದನ್ನು ಹೊಸದಕ್ಕೆ ಕೂರಿಸಿದ. ಅಂದಿನಿಂದ ಅವಳು ಬೇರೆ ಲೆನ್ಸು ಮುಟ್ಟಲಿಲ್ಲ. ಅದರಲ್ಲಿ ಒಂದು ಮುಖ ಸ್ಪಷ್ಟವಾದರೆ ಹಿಂದಿನದೆಲ್ಲ ಕರಗುತ್ತಿತ್ತು. ಮಂಟಪದ ದೀಪಗಳು ದುಂಡಗೆ ಊದಿಕೊಂಡು ತೇಲುತ್ತಿದ್ದವು. ಯಾವ ಮುಖ ಉಳಿಯಬೇಕೆಂಬುದು ಮಾತ್ರ ಮಂದಾಕಿನಿಯ ಬೆರಳಿನಲ್ಲಿತ್ತು.

ಅಕ್ಕತಂಗಿಯರು ಮಾತು ಬಿಟ್ಟ 2009ರ ಬೇಸಿಗೆಯಲ್ಲಿ ಅಂಕೋಲೆಯಲ್ಲಿ ದಮಯಂತಿಯ ಮಗಳು ಪೂಜಾಳ ಮದುವೆಯಾಯಿತು. ಮಂದಾಕಿನಿ ಸಿ.ಡಿ. ತಂದ ದಿನ ಮನೆಮಂದಿ ಟೀವಿಯ ಮುಂದೆ ಕೂತರು. ಧಾರೆಯ ಹೊತ್ತಿಗೆ ತೆರೆಯ ತುಂಬ ಪೂಜಾಳ ಮುಖವೊಂದೇ. ಮದುಮಗಳು ಅಳುವುದು ಹೊಸತಲ್ಲ. ಆದರೆ ಅವಳು ಅಳುತ್ತಿರಲಿಲ್ಲ. ಬಾವಿಗೆ ಬಿದ್ದವರು ಮೇಲೆ ನೋಡುವ ಹಾಗೆ, ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಇದನ್ನ ಕತ್ತರಿಸು," ಎಂದಳು ದಮಯಂತಿ.

"ಕತ್ತರಿಸೂದಿಲ್ಲ. ಇದ್ದದ್ದೇ ಬಂದದೆ," ಎಂದಳು ಅಕ್ಕ.

"ಶೆಟಗೇರಿ ಬೀಗರು ನೋಡಿದ್ರೆ ಏನಂದಾರು?"

"ಅವರದ್ದು ಬಿಡು. ಈ ಗಂಡು ಒಲ್ಲೆ ಅಂತ ಅವಳು ಅಡುಗೆಮನೇಲಿ ಹೇಳಿದಾಗ ನೀ ಏನಂದೆ?"

ದಮಯಂತಿ ಅಕ್ಕನ ಚೀಲವನ್ನು ಅಂಗಳಕ್ಕೆಸೆದಳು. ಅದರಲ್ಲಿ ಆ ಲೆನ್ಸು ಇರಲಿಲ್ಲವೆಂದು ಆಮೇಲೆ ಬಹಳ ದಿನ ಪರಿತಪಿಸಿದಳು. ಸಿ.ಡಿ.ಯ ಇನ್ನೊಂದು ಪ್ರತಿ ಅಷ್ಟರಲ್ಲಿ ಶೆಟಗೇರಿಗೂ ಹೋಗಿಯಾಗಿತ್ತು.

*

ಬಿಸಿಲೇರಿದ ಮೇಲೆ ಪೂಜಾ ಗಂಡ ಗುರುಪ್ರಸಾದನ ಕಾರಿನಲ್ಲಿ ಬಂದಳು. ಹೆಂಗಸರು ದಾರಿ ಬಿಟ್ಟರು. ಮಾವಶಿ ಎಂದೇ ಕರೆಯುತ್ತಿದ್ದ ದೊಡ್ಡಮ್ಮನ ಮೇಲೆ ಬಿದ್ದು ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ಬಗ್ಗಲೂ ಇಲ್ಲ.

"ಬಾಯಿಗೆ ನೀರು ಬಿಡು ಮಗಾ," ಎಂದಳು ಗಂಗೂ. "ನಿನ್ನ ಮೇಲೆ ಜೀವ ಇಟ್ಟಿದ್ಲು."

"ನಾ ಬಿಡೂದಿಲ್ಲ."

"ಜನರೆದುರು ನಾಟಕ ಬೇಡ. ಬಿಟ್ಟು ಮುಗಿಸು," ಎಂದ ಗುರುಪ್ರಸಾದ.

ಅವಳು ಕೈ ಕಟ್ಟಿಕೊಂಡು ನಿಂತೇ ಇದ್ದಳು. ದಮಯಂತಿಯ ಗಂಡ ಮಾದೇವ ಬೆಂಕಿಯ ಮಡಕೆ ಹಿಡಿದು ಮುಂದಾದ. ಗಂಡಸರು ಚಟ್ಟ ಎತ್ತಿದರು. ಅವರೊಡನೆ ಹೊರಟ ಗುರುಪ್ರಸಾದ ಹೊರಳಿ, "ನಾ ಬರೂದ್ರೊಳಗೆ ತಯಾರಿರು," ಎಂದು ಹೋದ.

ಉಳಿದ ಹೆಂಗಸರು ಅಂಗಳಕ್ಕೆ ಸಗಣಿನೀರು ಹಾಕತೊಡಗಿದಾಗ ದಮಯಂತಿ ಮಗಳ ರಟ್ಟೆ ಹಿಡಿದು ಹಿತ್ತಿಲ ಬಾವಿಕಟ್ಟೆಗೆ ಎಳೆದೊಯ್ದಳು.

"ನಂಗೆ ಅವಳ ಮೇಲೆ ಸಿಟ್ಟು, ಅದು ಊರಿಗೇ ಗೊತ್ತು. ನಿಂಗೆಂತದು?"

"ನಮ್ಮನೆಗೆ ಯಾರು ಬಂದ್ರೂ ಅತ್ತೆ ಆ ಸಿ.ಡಿ. ಹಾಕ್ತಾರೆ. ನಮ್ಮ ಸೊಸೆ ಬಂದ ಚಂದ ನೋಡಿ ಅಂತಾರೆ. ನಾ ಅವರಿಗೆಲ್ಲ ಚಾ ತಂದು ಕೊಡಬೇಕು."

"ಅದೇ ನಾ ಬಡ್ಕಂಡಿದ್ದು. ಕತ್ತರಿಸು ಅಂದ್ರೆ ಕೇಳ್ಲಿಲ್ಲ, ಹಟಮಾರಿ."

"ಅದಕ್ಕಲ್ಲ, ಆಯಿ." ಪೂಜಾ ಬಾವಿಯ ಹಗ್ಗ ಹಿಡಿದುಕೊಂಡಳು. "ಧಾರೆ ಹೊತ್ತಲ್ಲಿ ನಾ ಕ್ಯಾಮೆರಾ ನೋಡಿದ್ದಲ್ಲ, ಮಾವಶಿನ ನೋಡಿದ್ದು. ನೀ ಕೇಳೂದಿಲ್ಲ ಅಂತ ಗೊತ್ತಿತ್ತು. ಅವಳಿಗಾದ್ರೂ ತಿಳೀತದೆ ಅಂದ್ಕಂಡೆ. ತಿಳೀತು. ಅವಳ ಕೈ ಲೆನ್ಸಿಗೆ ಹೋಯ್ತು. ಈಗ ಕ್ಯಾಮೆರಾ ಕೆಳಗಿಡ್ತಾಳೆ, ಸಾಕು ನಿಲ್ಸಿ ಅಂತಾಳೆ ಅಂತ ಕಾದೆ. ಅವಳು ಫೋಕಸ್ ಸರಿ ಮಾಡಿದ್ಲು."

ದಮಯಂತಿ ಮಗಳ ಕೈಯಿಂದ ಹಗ್ಗ ಬಿಡಿಸಿದಳು.

"ನಾನೂ ಅಲ್ಲೇ ನಿನ್ನ ಪಕ್ಕದಲ್ಲೇ ಇದ್ದೆ."

"ಇದ್ದೆ. ಮಬ್ಬಾಗಿ ಬಂದದ್ದು ನಿನ್ನ ಪುಣ್ಯ."

ದಮಯಂತಿಯ ಕೈ ಮೇಲೆದ್ದಿತು. ಪೂಜಾ ಮುಖ ತಿರುಗಿಸಲಿಲ್ಲ. ಎದ್ದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯಿತು.

"ಅಂವ ಹೊಡೀತಾನೇನೆ?"

"ಹೊಡೆಯೂದಿಲ್ಲ. ಸಿ.ಡಿ. ಹಾಕಿದಾಗೆಲ್ಲ ನಗ್ತಾನೆ."

*

ಗಂಡಸರು ಸುಡುಗಾಡಿನಿಂದ ಮರಳಿ ಗೇಟಿನ ಬಳಿ ಕಾಲು ತೊಳೆದರು. ಚೀಲ ಎತ್ತಿಕೊಂಡ ಸಂದೀಪ ದಮಯಂತಿಯ ಹತ್ತಿರ ಬಂದ.

"ಪೂಜಾನ ಮದುವೆಯೇ ಕೊನೇದು. ಆಮೇಲೆ ಮಂದಕ್ಕ ಒಂದೂ ಮದುವೆ ಒಪ್ಪಲಿಲ್ಲ. ಯಾಕೆ ಅಂತ ಕೇಳಿದ್ರೆ ಬೈತಿದ್ರು."

"ನಂಗೆ ಯಾಕೆ ಹೇಳ್ತಿ?" ಎಂದಳು ದಮಯಂತಿ. ಆದರೆ ಅವನು ಹೋಗುವವರೆಗೂ ಅವನ ಬೆನ್ನನ್ನೇ ನೋಡುತ್ತಿದ್ದಳು.

ಗುರುಪ್ರಸಾದ ಒಳಗೆ ಬರಲಿಲ್ಲ. ಕಾರಿನಲ್ಲಿ ಕೂತು ಹಾರ್ನ್ ಹಾಕಿದ. "ಪೂಜಾ, ನಡಿ. ಸಾವಿನ ಮನೇಲಿ ಉಣ್ಣೂದು ಬೇಡ."

ಪೂಜಾ ಮಿಂದು, ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಜಗಲಿಗೆ ಬಂದಿದ್ದಳು. ಮೆಟ್ಟಿಲ ಕೆಳಗಿದ್ದ ಚಪ್ಪಲಿಗೆ ಕಾಲು ಚಾಚಿದಳು.

"ಅವಳು ಬರೂದಿಲ್ಲ," ಎಂದಳು ದಮಯಂತಿ, ಅಂಗಳಕ್ಕಿಳಿದು.

"ಎಷ್ಟು ದಿನ?" ಎಂದ ಗುರುಪ್ರಸಾದ.

"ಕೇಳಬೇಡ."

"ಈಗ ಬಿಟ್ಟು ಹೋದ್ರೆ ಕರ್ಕಂಡು ಹೋಗೂಕೆ ಮತ್ತೆ ಬರೂದಿಲ್ಲ ನಾನು."

"ದಮಯಂತಿ," ಮಾದೇವ ತಗ್ಗಿದ ದನಿಯಲ್ಲಿ ಹೇಳಿದ, "ಇವತ್ತು ಬೇಡ. ಜನ ಇದ್ದಾರೆ."

ದಮಯಂತಿ ಗಂಡನತ್ತ ನೋಡಲಿಲ್ಲ. ಪೂಜಾ ತಾಯಿಯನ್ನು ನಂಬದವಳಂತೆ ದಿಟ್ಟಿಸುತ್ತಿದ್ದಳು; ಅವಳ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿತ್ತು. ದಮಯಂತಿ ಬಗ್ಗಿ ಆ ಚಪ್ಪಲಿಗಳನ್ನು ಎತ್ತಿಕೊಂಡಳು. ಮರಳು ಕೊಡವಲಿಲ್ಲ. ಗಂಗೂ "ಅಯ್ಯೋ, ಒಳಗೆಲ್ಲಿ ಒಯ್ತಿಯೇ," ಎನ್ನುತ್ತಿದ್ದಂತೆಯೇ ಹೊಸ್ತಿಲು ದಾಟಿ, ಸತ್ತವಳಿಗಾಗಿ ಹಚ್ಚಿಟ್ಟ ದೀಪದ ಪಕ್ಕದಿಂದ ನಡೆದು, ಮಗಳ ಹಳೆಯ ಮಂಚದ ಕೆಳಗೆ, ಗೋಡೆಗೆ ಒತ್ತಿ, ಒಂದರ ಪಕ್ಕ ಒಂದನ್ನು ಇಟ್ಟಳು.