ಹೊರಡಲು ಅಪ್ಪಣೆ

ನನ್ನ ಗಂಡ ಸಂಜೆ ಹೊತ್ತು ವಿಮಾನಗಳನ್ನು ತಡೆದು ನಿಲ್ಲಿಸುತ್ತಾರೆ. ಹಾಗಂದರೆ ಕೇಳಿದವರು ಹುಬ್ಬೇರಿಸುತ್ತಾರೆ, ಆದ್ದರಿಂದ ಬಿಡಿಸಿ ಹೇಳಬೇಕು. ಅಲ್ಲಿ ವಿಮಾನವೂ ಇಲ್ಲ, ರನ್‌ವೇಯೂ ಇಲ್ಲ. ಎಲ್ಲೆಲ್ಲೋ ಕೂತ ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಾರೆ, ಇನ್ನು ಕೆಲವರು ಅವರಿಗೆ ಕಂಟ್ರೋಲರ್ ಆಗಿ ಕೂರುತ್ತಾರೆ. ಆಟ ಅಂದರೆ ಇವರಿಗೆ ಕೋಪ. ಇವರ ಪಾಲಿಗೆ ಬಂದಿರುವುದು ಯಾರು ಯಾವಾಗ ಇಂಜಿನ್ ಶುರು ಮಾಡಬೇಕು, ಯಾರಿಗೆ ಹೊರಡುವ ಸ್ಲಾಟ್ ಎಷ್ಟು ಹೊತ್ತಿಗೆ ಎಂದು ಹೇಳುವ ಕೆಲಸ. ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಸಾಲಿನಲ್ಲಿ ನಿಂತು ಇಂಧನ ದಂಡವಾಗುತ್ತದಂತೆ. ಇಲ್ಲದ ವಿಮಾನದ ಇಲ್ಲದ ಇಂಧನ ಉಳಿಸಲು ನಮ್ಮ ಮನೆಯಲ್ಲಿ ಕರೆಂಟು ಉರಿಯುತ್ತದೆ.

ಹಗಲು ಇವರಿಗೆ ಲಿಫ್ಟ್ ಕಂಪನಿಯಲ್ಲಿ ಫೋನ್ ಎತ್ತುವ ಕೆಲಸ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗಾಬರಿಯಾಗಿ ಫೋನ್ ಮಾಡಿದರೆ ‘ಸ್ವಲ್ಪ ಇರಿ, ಜನ ಬರ್ತಿದ್ದಾರೆ’ ಅನ್ನಬೇಕು. ಹಗಲೂ ಸಂಜೆಯೂ ಜನರನ್ನು ಕಾಯಿಸುವುದೇ ನಿಮ್ಮ ಕಸುಬು ಅಂತ ನಾನು ರೇಗಿಸುತ್ತಿದ್ದೆ. ಅದನ್ನು ಇವರು ಹೊಗಳಿಕೆ ಅಂದುಕೊಂಡರು.

ಆದರೆ ಅಷ್ಟೊಂದು ವಿಮಾನಗಳಿಗೆ ಸರದಿ ಹಾಕಿಕೊಡುವ ಈ ಮಹಾನುಭಾವರಿಗೆ ನಮ್ಮ ಅಂಗಳದ ಎರಡು ಕಾರುಗಳ ಸರದಿ ಬಗೆಹರಿಸಲು ಆಗಲಿಲ್ಲ. ಮನೆಯ ಕೆಳಗೆ ನಾವು, ಮೇಲೆ ಇವರ ಅಣ್ಣ, ಅಂದರೆ ನನ್ನ ಭಾವ, ಮತ್ತು ಅವರ ಹೆಂಡತಿ. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ಅಂಗಳ ಉದ್ದಕ್ಕಿದೆ, ಅಗಲವಿಲ್ಲ. ಒಂದು ಕಾರಿನ ಹಿಂದೆ ಇನ್ನೊಂದು ನಿಲ್ಲಬೇಕು. ಹಿಂದಿನದು ತೆಗೆಯದೆ ಮುಂದಿನದು ಹೊರಡುವ ಹಾಗಿಲ್ಲ.

ಭಾವನದು ಕನ್ನಡಕದ ಅಂಗಡಿ. ಒಂದು ಬೆಳಿಗ್ಗೆ ಅಂಗಡಿಗೆ ಕಣ್ಣಿನ ಡಾಕ್ಟರು ಬರುವುದಿತ್ತು. ಭಾವ ಹಾರ್ನ್ ಒತ್ತಿದರು. ಇವರು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದವರು ಕಿಟಕಿಯಿಂದ ‘ಇರು, ಬಂದೆ’ ಅಂದರು. ಅಂದವರು ಗಡ್ಡ ಪೂರ್ತಿ ಮುಗಿಸಿಕೊಂಡೇ ಹೋದರು.

“ನಿನ್ನ ‘ಇರು, ಬಂದೆ’ ಕೇಳಿ ಕೇಳಿ ಸಾಕಾಗಿದೆ ಕಣೋ,” ಅಂದರು ಭಾವ. “ನಿನಗೆ ಯಾರ ಅವಸರವೂ ಅವಸರ ಅಲ್ಲ.”

“ನಿನಗೆ ನಿನ್ನೊಬ್ಬನ ಅವಸರ ಬಿಟ್ಟು ಬೇರೆ ಕಾಣಲ್ಲ.”

“ಇನ್ನು ನೀನಾಗಿ ಮಾತಾಡಿಸೋವರೆಗೂ ನಾನು ಮಾತಾಡಲ್ಲ.”

“ನಾನೂ ಅಷ್ಟೇ.”

ಅಷ್ಟೇ ಆದದ್ದು. ಆಸ್ತಿ ಇಲ್ಲ, ಪಾಲು ಇಲ್ಲ, ಮೂರನೆಯವರ ಚಾಡಿ ಇಲ್ಲ. ಅಣ್ಣತಮ್ಮಂದಿರು ಮಾತು ಬಿಡಲು ಒಂದು ಮರ್ಯಾದಸ್ಥ ಕಾರಣವಾದರೂ ಬೇಡವೇ? ಅಂದಿನಿಂದ ಕಾರಿನ ಕೀ ಹಿಡಿದು ಮೆಟ್ಟಿಲು ಹತ್ತಿಳಿಯುವ ಕೆಲಸ ನನ್ನ ಮತ್ತು ಅಕ್ಕನ ಪಾಲಿಗೆ ಬಂತು. ಹತ್ತಿಳಿದು ಹತ್ತಿಳಿದು ನಾವಿಬ್ಬರು ಒಡಹುಟ್ಟಿದವರಿಗಿಂತ ಹತ್ತಿರವಾದೆವು. ನನಗೆ ಆ ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇದ್ದವರು ಅವರೊಬ್ಬರೇ.

ಹೀಗಿರುವಾಗ ಒಂದು ಸಂಜೆ ಇವರ ಸ್ಪೀಕರಿನಲ್ಲಿ ಒಬ್ಬ ಪೈಲಟ್ ತನ್ನ ವಿಮಾನದ ನಂಬರು ಹೇಳಿ, ಇಂಜಿನ್ ಶುರು ಮಾಡಲು ಅಪ್ಪಣೆ ಕೇಳಿದ. ಕಾಫಿ ಲೋಟ ಹಿಡಿದು ಬಂದ ನಾನು ಬಾಗಿಲಲ್ಲೇ ನಿಂತೆ. ಭಾವನ ದನಿ. ಮಾತು ಸ್ಪೀಕರಿನಿಂದಲೂ ಬರುತ್ತಿತ್ತು, ತಾರಸಿಯ ಮೂಲಕವೂ ಇಳಿಯುತ್ತಿತ್ತು. ವಿಮಾನದ ಹುಚ್ಚು ಇಬ್ಬರಿಗೂ ಚಿಕ್ಕಂದಿನದು ಅಂತ ಅತ್ತೆ ಹೇಳುತ್ತಿದ್ದರು, ಆದರೆ ಭಾವ ಕದ್ದು ಹಾರಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮವರು ಗಂಟಲು ಸರಿಮಾಡಿಕೊಂಡು, ಯಾರೋ ಅಪರಿಚಿತರಿಗೆ ಹೇಳುವ ಹಾಗೆ ಸ್ಲಾಟ್ ಹೇಳಿದರು.

ಅಲ್ಲಿ ಒಂದು ನಿಯಮವಿದೆ. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ಹಾಗೇ ತಿರುಗಿ ಹೇಳಬೇಕು, ಕಂಟ್ರೋಲರ್ ‘ಸರಿಯಾಗಿದೆ’ ಅನ್ನಬೇಕು. ಹುಟ್ಟಿದಾಗಿನಿಂದ ತಮ್ಮನ ಒಂದು ಮಾತನ್ನೂ ಒಪ್ಪದ ಭಾವ ಅಂದು ತಮ್ಮ ಹೇಳಿದ ಅಷ್ಟನ್ನೂ ಅಚ್ಚುಕಟ್ಟಾಗಿ ಒಪ್ಪಿಸಿದರು. ಇವರು ‘ಸರಿಯಾಗಿದೆ’ ಅಂದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಅದರಲ್ಲಿ ನೀನು, ನೀವು ಎಂಬ ಗೋಜಲಿಲ್ಲದ್ದರಿಂದ ಇಬ್ಬರ ಮಾನವೂ ಉಳಿಯಿತು. ಇಲ್ಲಿ ನಾನು ಬಹುವಚನ ಹಾಕಿ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಆಮೇಲೆ ಇದು ದಿನದ ವ್ರತವಾಯಿತು. ಸಂಜೆ ಅಣ್ಣ ಅಪ್ಪಣೆ ಕೇಳುವುದು, ತಮ್ಮ ಕೊಡುವುದು. ಬೆಳಿಗ್ಗೆ ಅಂಗಳದಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುವುದು, ಇನ್ನೊಬ್ಬರು ಆಕಾಶ ನೋಡುವುದು. “ನಿನ್ನೆ ನಿಮ್ಮಣ್ಣ ಚೆನ್ನಾಗಿ ಮಾತಾಡಿದ್ರಲ್ಲ,” ಅಂದರೆ ಇವರು, “ಯಾವ ಅಣ್ಣ? ಅದು ಯಾವುದೋ ಸರಕು ವಿಮಾನ,” ಅನ್ನುತ್ತಿದ್ದರು.

ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ಅಕ್ಕ ನನ್ನ ಮುಖ ನೋಡದೆ ಹೇಳಿದರು.

“ಬೇರೆ ಮನೆ ನೋಡಿ ಆಯ್ತು ಕಣೇ. ಅಲ್ಲಿ ಕಾರಿಗೆ ಬೇರೆ ಜಾಗ ಇದೆಯಂತೆ. ಭಾನುವಾರ ಲಾರಿ ಬರತ್ತೆ.”

“ನೀವು ಒಪ್ಪಿದ್ರಾ ಅಕ್ಕ?”

“ನನ್ನ ಒಪ್ಪಿಗೆ ಯಾರು ಕೇಳ್ತಾರೆ. ಅವರಿಗೂ ಮನಸ್ಸಿಲ್ಲ. ಚಿಕ್ಕೋನು ಒಂದು ಸಲ ‘ಹೋಗಬೇಡ’ ಅಂದ್ರೆ ಸಾಕು, ಲಾರಿ ಬೇಡ ಅಂತೀನಿ ಅಂದ್ರು. ನಿನ್ನೆ ಊಟಕ್ಕೆ ಕೂತಾಗ ಬಾಯಿ ಬಿಟ್ಟು ಅಂದ್ರು.”

ಬಟ್ಟೆ ಅಲ್ಲೇ ಬಿಟ್ಟು ಕೆಳಗೆ ಬಂದು ಇವರಿಗೆ ಹೇಳಿದೆ. ಮುಖ ಕಪ್ಪಿಟ್ಟಿತು. ಆದರೆ ಬಾಯಲ್ಲಿ ಬಂದದ್ದು ಬೇರೆ.

“ಅವನಿಗೆ ಬೇಕಿದ್ರೆ ಅವನೇ ಬಂದು ಮಾತಾಡಲಿ. ನಾನ್ಯಾಕೆ ಮೊದಲು?”

“ಮನೆ ಒಡೀತಿದೆ ರೀ. ಮೊದಲು ಯಾರು, ಆಮೇಲೆ ಯಾರು ಅಂತ ಲೆಕ್ಕ ಹಾಕ್ತೀರಲ್ಲ.”

“ಸರದಿ ಅಂದ್ರೆ ಸರದಿ,” ಅಂದರು.

ಶನಿವಾರ ಸಂಜೆ ಇವರ ವಿಮಾನದ ಬಳಗದ ದೊಡ್ಡ ಕಾರ್ಯಕ್ರಮ. ಎಲ್ಲರೂ ಒಂದೇ ಊರಿಗೆ ಹಾರುವುದು. ಅಲ್ಲಿ ಇಳಿಯಲು ಜಾಗ ಸಾಲದ್ದರಿಂದ ಇಲ್ಲಿ ಒಬ್ಬೊಬ್ಬರನ್ನೇ ತಡೆದು ತಡೆದು ಬಿಡಬೇಕು. ಮೇಲ್ವಿಚಾರಣೆ ಒಬ್ಬ ಹಲ್ಲಿನ ಡಾಕ್ಟರದು. ಅಕ್ಕ ಸಾಮಾನು ಕಟ್ಟುವುದನ್ನು ಬಿಟ್ಟು ಕೆಳಗೆ ಬಂದು ನನ್ನ ಪಕ್ಕ ಕೂತರು. ಮೇಲೆ ಭಾವನ ಕುರ್ಚಿ ಎಳೆದ ಸದ್ದಾಯಿತು. ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕಂಪ್ಯೂಟರ್ ಒಂದನ್ನು ಮಾತ್ರ ಬಿಚ್ಚಿರಲಿಲ್ಲ ಅಂತ ಅಕ್ಕ ಹೇಳಿದರು.

ಭಾವ ಅಪ್ಪಣೆ ಕೇಳಿದರು.

“ಕಾಯಿರಿ,” ಅಂದರು ಇವರು.

“ಕಾಯುತ್ತೇನೆ.”

ಅವರ ಹಿಂದೆ ಬಂದವನು ಹೊರಟ. ಅವನ ಹಿಂದಿನವನೂ ಹೊರಟ. ಭಾವ ಮತ್ತೆ ಕೇಳಿದರು. ಕಾಯಿರಿ. ಕಾಯುತ್ತೇನೆ. ಹಾರ್ನ್ ಮೇಲಿಂದ ಕೈ ತೆಗೆಯದ ಮನುಷ್ಯ ಇಷ್ಟು ಸಮಾಧಾನದಿಂದ ಕಾದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿಲ್ಲ. ಪರದೆಯ ಮೇಲಿನ ವಿಮಾನಗಳ ಚುಕ್ಕೆಗಳು ಒಂದೊಂದೇ ಖಾಲಿಯಾದವು. ಅಕ್ಕ ನನ್ನ ಕೈ ಹಿಡಿದುಕೊಂಡರು. “ಬಿಡ್ತಾ ಇಲ್ಲ ನೋಡು,” ಅಂತ ಪಿಸುಗುಟ್ಟಿದರು. ಇವರ ಕತ್ತಿನ ಹಿಂದೆ ಬೆವರಿಳಿಯುತ್ತಿತ್ತು. ಬಾಯಿಬಿಟ್ಟು ಅನ್ನಲಾಗದ ಮಾತನ್ನು ನನ್ನ ಗಂಡ ತಮಗೆ ಬರುವ ಒಂದೇ ಭಾಷೆಯಲ್ಲಿ ಅನ್ನುತ್ತಿದ್ದರು. ಅವತ್ತು ಅವರ ಮೇಲೆ ನನಗೆ ಪ್ರೀತಿ ಉಕ್ಕಿತು, ಸುಳ್ಳು ಯಾಕೆ ಹೇಳಲಿ.

ಆಗ ಹಲ್ಲಿನ ಡಾಕ್ಟರು ನಡುವೆ ಬಾಯಿ ಹಾಕಿದರು. “ಆ ವಿಮಾನ ಯಾಕೆ ನಿಂತಿದೆ? ಅಲ್ಲಿ ಜಾಗ ಆಗಿ ಎಷ್ಟೋ ಹೊತ್ತಾಯ್ತು. ಬಿಡಿ ಅದನ್ನ.”

ಒಂದು ಸುಳ್ಳು ಹೇಳಬಹುದಿತ್ತು. ಮಳೆ ಅನ್ನಬಹುದಿತ್ತು, ಮೋಡ ಅನ್ನಬಹುದಿತ್ತು. ಎಲ್ಲವೂ ಇಲ್ಲದ್ದೇ ಆದ ಕಡೆ ಇನ್ನೊಂದು ಇಲ್ಲದ್ದು ಸೇರಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಇವರು ಹುಟ್ಟಾ ನಿಯಮದ ಮನುಷ್ಯ. ಭಾವನಿಗೆ ಸ್ಲಾಟ್ ಕೊಟ್ಟೇಬಿಟ್ಟರು. ಹೇಳಿದ ಹೊತ್ತಿನೊಳಗೆ ಹೊರಡದಿದ್ದರೆ ಸ್ಲಾಟ್ ರದ್ದು ಅಂತಲೂ ಸೇರಿಸಿದರು. ಭಾವ ಎಲ್ಲವನ್ನೂ ತಿರುಗಿ ಹೇಳಿದರು.

ಆದರೆ ಭಾವನ ಚುಕ್ಕೆ ಅಲುಗಲಿಲ್ಲ.

ನಾವು ನೋಡುತ್ತಲೇ ಇದ್ದೆವು. ಇಂಜಿನ್ ಶುರುವಾಗಲಿಲ್ಲ, ಮೇಲೆ ಕುರ್ಚಿಯ ಸದ್ದೂ ಇಲ್ಲ. ಹೊರಡಲು ಅಪ್ಪಣೆ ಕೈಯಲ್ಲಿ ಹಿಡಿದು ಭಾವ ಹೊರಡದೆ ನಿಂತಿದ್ದರು. ಹೊತ್ತು ಮೀರಿತು. ಅಕ್ಕನ ಕಣ್ಣು ತುಂಬಿಕೊಂಡಿತು. ಇಷ್ಟು ಬಿಡಿಸಿ ಹೇಳಿದ ಮೇಲೆ ಕಲ್ಲಿಗಾದರೂ ಅರ್ಥವಾಗಬೇಕು ಅಂದುಕೊಂಡೆ.

ಇವರು ಬಟನ್ ಒತ್ತಿದರು. “ನಿಮ್ಮ ಸ್ಲಾಟ್ ರದ್ದಾಗಿದೆ. ಹೊರಡುವ ಮನಸ್ಸಿಲ್ಲದಿದ್ದರೆ ಮೊದಲೇ ಹೇಳಬೇಕು. ಇದರಿಂದ ಬೇರೆಯವರಿಗೆ ತೊಂದರೆ.”

ಸ್ಲಾಟ್ ವ್ಯರ್ಥ ಮಾಡಿದ್ದಕ್ಕೆ ಬೈದರು. ತಮ್ಮನಾಗಿ ಕೂತಿದ್ದವರು ಆ ಒಂದು ಗಳಿಗೆಗೆ ಸರಿಯಾಗಿ ಕಂಟ್ರೋಲರ್ ಆಗಿಬಿಟ್ಟರು.

ಬೈಗುಳವನ್ನು ತಿರುಗಿ ಹೇಳಬೇಕೆಂಬ ನಿಯಮವಿಲ್ಲ. ಆದರೂ ಭಾವ ಹೇಳಿದರು, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ. “ಹೊರಡುವ ಮನಸ್ಸಿಲ್ಲದಿದ್ದರೆ, ಮೊದಲೇ, ಹೇಳಬೇಕು.”

“ಸರಿಯಾಗಿದೆ,” ಅಂದರು ನನ್ನ ಗಂಡ.

ಅಕ್ಕ ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡು ಮೇಲೆ ಹೋದರು. ನಾನು ಅವತ್ತು ಇವರಿಗೆ ಊಟ ಬಡಿಸಲಿಲ್ಲ. “ಅವರು ನಿಮಗೋಸ್ಕರ ನಿಂತಿದ್ರು,” ಅಂದೆ. “ಹಾಗಿದ್ರೆ ಬಾಯಿಬಿಟ್ಟು ಹೇಳಬೇಕಿತ್ತು,” ಅಂದರು. ಹೇಳುವಾಗ ಮುಖ ಮಾತ್ರ ಗೋಡೆ ಕಡೆಗಿತ್ತು.

ಬೆಳಿಗ್ಗೆ ಲಾರಿ ಬಂತು, ಸಾಮಾನು ತುಂಬಿಕೊಂಡು ಹೋಯಿತು. ಯಾರೂ ಕೀ ಹಿಡಿದು ಮೆಟ್ಟಿಲಿಳಿಯುವ ಮೊದಲೇ ಇವರು ತಮ್ಮ ಕಾರನ್ನು ತೆಗೆದು ರಸ್ತೆಯಲ್ಲಿ ನಿಲ್ಲಿಸಿ, ಗೇಟಿನ ಹತ್ತಿರ ಕೈಕಟ್ಟಿ ನಿಂತರು. ಅಕ್ಕ ನನ್ನನ್ನು ತಬ್ಬಿಕೊಂಡು, ಹೋಗಿ ಕಾರಿನೊಳಗೆ ಕೂತರು. ಭಾವ ಹಿಮ್ಮುಖವಾಗಿ ಬರುತ್ತ ಬರುತ್ತ ಗೇಟಿನ ಬಳಿ ನಿಲ್ಲಿಸಿ ಗಾಜು ಇಳಿಸಿದರು. ತಮ್ಮನ ಮುಖ ನೋಡಿದರು.

“ಹೊರಡ್ಲಾ?” ಅಂದರು.

ಹೊರಡ್ಲಾ ಅಂತ ಯಾರಾದರೂ ಕೇಳಿದರೆ ಏನನ್ನಬೇಕೆಂದು ನಮ್ಮಲ್ಲಿ ಕೂಸಿಗೂ ಗೊತ್ತು. ‘ಇರು’ ಅನ್ನಬೇಕು. ಮನಸ್ಸಿಲ್ಲದಿದ್ದರೂ ಅನ್ನಬೇಕು, ಇವರಿಗಂತೂ ಮನಸ್ಸಿತ್ತು. ದಿನವಿಡೀ ಫೋನಿನಲ್ಲಿ ಕಂಡಕಂಡವರಿಗೆ ಅನ್ನುವ ಮಾತು ಅದು.

ಇವರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. “ರಸ್ತೆ ಖಾಲಿ ಇದೆ,” ಅಂದರು. “ಬಾ.”

ಭಾವ ತಲೆಯಾಡಿಸಿ ಗಾಜು ಏರಿಸಿದರು. ಕಾರು ರಸ್ತೆಗಿಳಿದು ತಿರುವಿನಲ್ಲಿ ಮರೆಯಾಯಿತು.

ಇವರು ತುಸು ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ನನ್ನ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು, ದನಿಯಲ್ಲಿ ಮಾತ್ರ ಗೆಲುವಿತ್ತು.

“ನೋಡಿದ್ಯಲ್ಲ? ಮೊದಲು ಮಾತಾಡಿದ್ದು ಅವನೇ. ನೀನೇ ಸಾಕ್ಷಿ.”

“ಸಾಕ್ಷಿ ಹೇಳ್ತೀನಿ ರೀ,” ಅಂದೆ. “ಯಾರ ಮುಂದೆ ಹೇಳ್ಲಿ?”